ಪಥ್ಯವೂ ಪಡಿಯೂ: ಆರೋಗ್ಯಶಾಲೆಯ ಅನ್ನದ ಚರಿತ್ರೆ

“ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ” ಎಂಬ ಗಾದೆಯು ಕನ್ನಡನಾಡಿನಲ್ಲಿ ಎಲ್ಲರ ಬಾಯಲ್ಲಿಯೂ ಇರುವುದು. ಬಯಸಿದುದೇ ತಾನಾಗಿ ಒದಗಿಬಂದಾಗ ನಾವು ಇದನ್ನು ಬಳಸುತ್ತೇವೆ. ಗಾದೆಯ ಸ್ವಾರಸ್ಯವು ನಿಂತಿರುವುದಾದರೋ, ರೋಗಿಯ ಬಯಕೆಯೂ ವೈದ್ಯನ ವಿಧಿಯೂ ಸಾಮಾನ್ಯವಾಗಿ ಒಂದಾಗುವುದಿಲ್ಲವೆಂಬ ಲೋಕಾನುಭವದ ಮೇಲೆ. ಆದರೆ ಈ ಗಾದೆಯು ಒಂದು ಮಾತನ್ನು ಹೇಳದೆ ಬಿಟ್ಟಿದೆ. ಬಯಸುವವನು ರೋಗಿ, ಹೇಳುವವನು ವೈದ್ಯ. ಆ ಹಾಲು ಅನ್ನವನ್ನು ಕೊಡುವವರು ಯಾರು? ಅದನ್ನು ಯಾವ ಲೆಕ್ಕದಲ್ಲಿ ಬರೆಯಬೇಕು, ಔಷಧದ ಲೆಕ್ಕದಲ್ಲಿಯೋ, ಧರ್ಮದ ಲೆಕ್ಕದಲ್ಲಿಯೋ?

ಈ ಪ್ರಶ್ನೆಯು ಅಡುಗೆಮನೆಯ ಕ್ಷುದ್ರವಿಚಾರವೆಂದು ತೋರಬಹುದು. ಆದರೆ ನಮ್ಮ ವೈದ್ಯಗ್ರಂಥಗಳನ್ನೂ, ಶಾಸನಗಳನ್ನೂ, ಕಳೆದ ಶತಮಾನದ ಆಸ್ಪತ್ರೆಗಳ ಚರಿತ್ರೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಲಕ್ಷಾಂತರ ರೋಗಿಗಳ ಜೀವವು ಇದರ ಉತ್ತರವನ್ನು ಅವಲಂಬಿಸಿದ್ದಿತೆಂಬುದು ವ್ಯಕ್ತವಾಗುತ್ತದೆ. ಅದನ್ನು ತೋರಿಸಿಕೊಡುವುದೇ ಈ ಲೇಖನದ ಉದ್ದೇಶ.

೧

ಮೊದಲು ಎರಡು ಶಬ್ದಗಳನ್ನು ವಿವೇಚಿಸುವುದು ಅವಶ್ಯಕ. ‘ಪಥ್ಯ’ವೆಂಬುದು ದಾರಿಯೆಂಬ ಅರ್ಥವುಳ್ಳ ಸಂಸ್ಕೃತಶಬ್ದದಿಂದ ಬಂದುದು, ದಾರಿಯನ್ನು ಬಿಟ್ಟು ತೊಲಗದುದು ಪಥ್ಯ. ಚರಕಸಂಹಿತೆಯ ಸೂತ್ರಸ್ಥಾನದ ೨೫ನೆಯ ಅಧ್ಯಾಯದಲ್ಲಿ ಈ ಅರ್ಥವನ್ನೇ ಹಿಡಿದು, ದೇಹದ ಮಾರ್ಗಗಳಿಗೆ ಕೇಡನ್ನುಂಟುಮಾಡದೆ ಮನಸ್ಸಿಗೂ ಪ್ರಿಯವಾಗಿರುವುದು ಪಥ್ಯವೆಂದು ಹೇಳಿದೆ. ಅಲ್ಲಿಯೇ, ಯಾವ ಪದಾರ್ಥವೂ ತನ್ನಷ್ಟಕ್ಕೆ ತಾನೇ ಎಲ್ಲರಿಗೂ ಎಲ್ಲ ಕಾಲಕ್ಕೂ ಪಥ್ಯವಲ್ಲ. ಪ್ರಮಾಣ, ಕಾಲ, ಪಾಕಕ್ರಮ, ದೇಶ, ದೇಹ, ದೋಷ ಇವುಗಳನ್ನನುಸರಿಸಿ ಪಥ್ಯವು ಅಪಥ್ಯವಾಗಬಹುದೆಂಬ ವಿವೇಚನೆಯೂ ಇದೆ. ಆದುದರಿಂದ ಪಥ್ಯವೆಂಬುದು ಒಬ್ಬೊಬ್ಬ ರೋಗಿಯನ್ನೂ ಕಂಡು ನಿರ್ಣಯಿಸತಕ್ಕ ವಿಧಿ.

ಕನ್ನಡದ ‘ಪಡಿ’ಯ ಮಾತು ಬೇರೆ. ಅಳತೆ, ಅಳೆದು ಕೊಡುವ ದವಸ, ದಿನದಿನಕ್ಕೆ ನಿಯತವಾದ ಪಾಲು ಎಂಬಿವು ಅದರ ಅರ್ಥಗಳು. ಇಂದಿಗೂ ನ್ಯಾಯಬೆಲೆಯ ಅಂಗಡಿಯ ಧಾನ್ಯವನ್ನು ನಾವು ‘ಪಡಿತರ’ವೆನ್ನುತ್ತೇವೆ. ಪಡಿಯು ಮುಖವನ್ನು ನೋಡುವುದಿಲ್ಲ, ತಲೆಯನ್ನು ಎಣಿಸುತ್ತದೆ. ಹತ್ತು ಮಂದಿಗೆ ಹತ್ತು ಪಾಲು. ಅದರ ನ್ಯಾಯವು ಸಮತ್ವದಲ್ಲಿದೆ. ಪಥ್ಯದ ನ್ಯಾಯವಾದರೋ ಭೇದದಲ್ಲಿದೆ. ಆಸ್ಪತ್ರೆಯ ಅನ್ನವು ಈ ಎರಡು ಶಬ್ದಗಳ ನಡುವೆ ಸಂಚರಿಸಿದ ಬಗೆಯೇ ನಮ್ಮ ಚರಿತ್ರೆ.

೨

ಆಯುರ್ವೇದವು ಆಹಾರವನ್ನು ಚಿಕಿತ್ಸೆಯ ಅಂಗವಾಗಿಯೇ ಎಣಿಸಿತೆಂಬುದಕ್ಕೆ ವಿಶೇಷ ಪ್ರಮಾಣವು ಬೇಡ. ಚರಕದ ಸೂತ್ರಸ್ಥಾನದ ೨ನೆಯ ಅಧ್ಯಾಯದಲ್ಲಿಯೇ ಇಪ್ಪತ್ತೆಂಟು ವಿಧದ ಗಂಜಿಗಳನ್ನು ಬೇರೆ ಬೇರೆ ರೋಗಾವಸ್ಥೆಗಳಿಗೆ ವಿಧಿಸಲಾಗಿದೆ. ೨೭ನೆಯ ಅಧ್ಯಾಯವು ಅನ್ನಪಾನಗಳನ್ನು ಹನ್ನೆರಡು ವರ್ಗಗಳಾಗಿ ವಿಂಗಡಿಸುತ್ತದೆ.

ಇವುಗಳಿಗಿಂತಲೂ ನಮ್ಮ ಪ್ರಕೃತಕ್ಕೆ ಮುಖ್ಯವಾದುದು ೧೫ನೆಯ ಅಧ್ಯಾಯ. ಶೋಧನಚಿಕಿತ್ಸೆಗೆ ಮುಂಚೆ ಸಿದ್ಧಪಡಿಸಿಕೊಳ್ಳಬೇಕಾದ ಸಾಮಗ್ರಿಗಳನ್ನು ಅದರಲ್ಲಿ ಹೇಳಿದೆ. ಗಾಳಿಯು ಹಿತವಾಗಿ ಆಡುವ ದೃಢವಾದ ಮನೆ. ಅದಕ್ಕೆ ಸೇರಿದಂತೆ ಅಡುಗೆಮನೆ. ಅನ್ನ ಸಾರುಗಳನ್ನು ಮಾಡಬಲ್ಲ ಪಾಚಕರು. ಮೈಯೊತ್ತುವವರು, ಎತ್ತಿ ಕೂರಿಸುವವರು. ರೋಗಿಯ ಬೇಸರವನ್ನು ಕಳೆಯುವುದಕ್ಕೆ ಗೀತ, ಗಾಥೆ, ಆಖ್ಯಾಯಿಕೆ, ಇತಿಹಾಸಪುರಾಣಗಳನ್ನು ಬಲ್ಲವರು. ಕರುವು ಬದುಕಿರುವ ಒಳ್ಳೆಯ ಕರಾವಿನ ಹಸು. ಸಾಹಿತ್ಯವನ್ನು ಬೋಧಿಸುವವರು ತಮ್ಮ ವಿದ್ಯೆಯೂ ಒಮ್ಮೆ ಆರೋಗ್ಯಶಾಲೆಯ ಸಂಭಾರಗಳಲ್ಲಿ ಸೇರಿದ್ದಿತೆಂದು ಸಂತೋಷಪಡಬಹುದು.

ಶೋಧನವಾದ ಮೇಲೆ ರೋಗಿಗೆ ಒಮ್ಮೆಲೇ ಊಟವನ್ನು ಕೊಡತಕ್ಕದ್ದಲ್ಲ. ಹಳೆಯ ಕೆಂಪಕ್ಕಿಯ ತೆಳುಗಂಜಿಯಿಂದ ಆರಂಭಿಸಿ, ಗಟ್ಟಿಗಂಜಿ, ಒಗ್ಗರಣೆಯಿಲ್ಲದ ಬೇಳೆಯ ಕಟ್ಟು, ಸಂಸ್ಕರಿಸಿದ ಕಟ್ಟು, ಮಾಂಸರಸ ಎಂಬ ಮೆಟ್ಟಿಲುಗಳನ್ನು ಹತ್ತಿಸಿ, ಹನ್ನೆರಡು ಊಟಗಳ ಹೊತ್ತಿಗೆ, ಎಂದರೆ ಏಳು ದಿನಗಳಲ್ಲಿ, ಅವನನ್ನು ಮೊದಲಿನ ಆಹಾರಕ್ಕೆ ತರಬೇಕು. ಶೋಧನವು ಮಧ್ಯಮವಾಗಿದ್ದರೆ ಎಂಟು ಊಟಗಳು, ಅಲ್ಪವಾಗಿದ್ದರೆ ನಾಲ್ಕು. ಇದಕ್ಕೆ ಸಂಸರ್ಜನಕ್ರಮವೆಂದು ಹೆಸರು.

ಆದರೆ ಇದೇ ಅಧ್ಯಾಯದ ಕೊನೆಯಲ್ಲಿ ಗ್ರಂಥಕಾರನು ಆಡಿರುವ ಮಾತನ್ನು ನಾವು ಹಗುರವಾಗಿ ದಾಟಬಾರದು. ಈ ವಿಧಾನವು ರಾಜನಿಗೆ, ರಾಜಸಮಾನನಿಗೆ, ವಿಪುಲವಾದ ಧನವುಳ್ಳವನಿಗೆ ಸಲ್ಲತಕ್ಕುದು. ದರಿದ್ರನಾದವನು ಆಪತ್ತು ಬಂದಾಗ ದುರ್ಲಭವಾದ ಸಂಭಾರಗಳಿಗಾಗಿ ಕಾಯದೆ ಔಷಧವನ್ನು ಕುಡಿಯಲಿ. ಏಕೆಂದರೆ ಎಲ್ಲ ಮನುಷ್ಯರಿಗೂ ಎಲ್ಲ ಸಾಧನಗಳಿರುವುದಿಲ್ಲ, ದಾರುಣವಾದ ರೋಗಗಳು ದರಿದ್ರರನ್ನು ಬಿಡುವುದೂ ಇಲ್ಲ ಎಂಬುದು ಅದರ ತಾತ್ಪರ್ಯ. ಪಥ್ಯಶಾಸ್ತ್ರದ ಅತ್ಯಂತ ದುರ್ಬಲವಾದ ಕೀಲನ್ನು ಅದರ ಕರ್ತನೇ ಬೆರಳಿಟ್ಟು ತೋರಿಸಿರುವನು. ವಿಧಿಯು ಎಷ್ಟೇ ಸೂಕ್ಷ್ಮವಾಗಿದ್ದರೂ ಅದನ್ನು ನಡೆಸುವ ಶಕ್ತಿಯು ಬಡವನ ಮನೆಯಲ್ಲಿ ಇಲ್ಲದಿದ್ದರೆ ಔಷಧವೊಂದೇ ಉಳಿಯುತ್ತದೆ.

೩

ಕನ್ನಡನಾಡಿನಲ್ಲಿ ಈ ಶಾಸ್ತ್ರವು ಪಡೆದ ರೂಪದಲ್ಲಿ ಎರಡು ವಿಶೇಷಗಳು ಕಾಣಬರುತ್ತವೆ. ಮೊದಲನೆಯದು, ಅಡುಗೆಯೂ ವೈದ್ಯವೂ ಒಂದೇ ಕಟ್ಟಿನಲ್ಲಿ ಬಂದಿರುವುದು. ಸುಮಾರು ೧೦೨೫ರಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ಜ್ಯೋತಿಷ, ವಾಸ್ತು, ನೀರಿನ ಸೆಲೆಯನ್ನು ಕಾಣುವುದು, ವೃಕ್ಷಾಯುರ್ವೇದ ಮುಂತಾದುವುಗಳ ಜೊತೆಗೆ ಸೂಪಶಾಸ್ತ್ರವನ್ನೂ ವೈದ್ಯವನ್ನೂ ಹೇಳುತ್ತದೆ. ಗೃಹಸ್ಥನಿಗೆ ತಿಳಿದಿರಬೇಕಾದ ವಿದ್ಯೆಗಳಲ್ಲಿ ಪಾಕವೂ ಚಿಕಿತ್ಸೆಯೂ ನೆರೆಹೊರೆಯಾಗಿವೆ. ಚಾಳುಕ್ಯ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿಯಾದರೋ ಅನ್ನವು ರಾಜನ ಭೋಗಗಳಲ್ಲಿ ಒಂದು. ೧೬ನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದ ವೇಳೆಗೆ ಅಡುಗೆಯು ತಾನೇ ಒಂದು ಸ್ವತಂತ್ರ ಕಾವ್ಯವಸ್ತುವಾಗಿ ನಿಂತಿತು.

ಎರಡನೆಯ ವಿಶೇಷವು ಜೈನವೈದ್ಯರಿಗೆ ಸಂಬಂಧಿಸಿದುದು. ಚರಕವು ರಾಜಯಕ್ಷ್ಮಕ್ಕೆ ಹೇಳಿರುವ ಆಹಾರವು ಬಹುಮಟ್ಟಿಗೆ ಮಾಂಸಮಯ. ಹಿಪ್ಪಲಿ, ಜವೆ, ಹುರುಳಿ, ಶುಂಠಿ, ದಾಳಿಂಬೆ, ನೆಲ್ಲಿಗಳಿಂದ ಸಂಸ್ಕರಿಸಿದ ಆಡಿನ ಮಾಂಸರಸವನ್ನು ಅಲ್ಲಿ ಹೇಳಿದೆ. ಕ್ಷೀಣಿಸಿದ ರೋಗಿಗೆ ಬೇಕಾದ ಮಾಂಸಗಳಲ್ಲಿ ಕೆಲವು ಜುಗುಪ್ಸೆಯನ್ನು ಹುಟ್ಟಿಸುವಂಥವು. ಅವುಗಳನ್ನು ಬೇರೆ ಹೆಸರು ಹೇಳಿ ಉಣಿಸಬೇಕು, ಕಾಗೆಯ ಮಾಂಸವನ್ನು ತಿತ್ತಿರಿಯದೆಂದು ಹೇಳಿ ಕೊಡಬೇಕೆಂಬಷ್ಟರ ಮಟ್ಟಿಗೆ ಆ ವಿಧಿಯು ಹೋಗುತ್ತದೆ. ರೋಗಿಯ ಬಯಕೆಗೂ ವೈದ್ಯನ ಮಾತಿಗೂ ನಮ್ಮ ಗಾದೆಯು ಕಲ್ಪಿಸುವ ಸಾಮರಸ್ಯಕ್ಕೆ ಇದಕ್ಕಿಂತ ವಿರುದ್ಧವಾದ ಉದಾಹರಣೆಯು ದೊರೆಯಲಾರದು.

ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯನು ತನ್ನ ಸಂಸ್ಕೃತ ‘ಕಲ್ಯಾಣಕಾರಕ’ದಲ್ಲಿ ಇದನ್ನು ಎದುರಿಸಿ ನಿಂತನು. ಆ ಗ್ರಂಥದ ಕೊನೆಗಿರುವ ಹಿತಾಹಿತಾಧ್ಯಾಯವು ಮಾಂಸಭಕ್ಷಣವನ್ನು ವೈದ್ಯದೃಷ್ಟಿಯಿಂದಲೇ ಖಂಡಿಸುವ ವಾದಗ್ರಂಥ. ನೃಪತುಂಗನ ಸಭೆಯಲ್ಲಿ ಅದನ್ನು ಪ್ರತಿಪಾದಿಸಿದುದಾಗಿ ಆಚಾರ್ಯನು ಹೇಳಿಕೊಂಡಿರುವನು. ಈ ನೃಪತುಂಗನು ಅಮೋಘವರ್ಷನೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಸುಮಾರು ೧೧೫೦ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದಾಗಲೂ ಮದ್ಯಮಾಂಸಗಳಿಲ್ಲದ ಚಿಕಿತ್ಸೆಯೇ ಅದರ ಪ್ರತಿಜ್ಞೆಯಾಗಿದ್ದಿತು.

ಈ ವಾದವನ್ನು ಮತಾಚಾರದ ವಿಷಯವೆಂದು ಮಾತ್ರ ತಿಳಿಯುವುದು ಸರಿಯಲ್ಲ. ಮಾಂಸರಸವನ್ನು ಬಿಟ್ಟ ಮೇಲೆ ಕ್ಷೀಣಿಸಿದ ರೋಗಿಯ ಪುಷ್ಟಿಗೆ ಹಾಲು, ತುಪ್ಪ, ಬೇಳೆಗಳನ್ನೇ ನೆಚ್ಚಬೇಕಾಗುತ್ತದೆ. ಒಂದು ಪದಾರ್ಥವು ಔಷಧವೋ ಅಲ್ಲವೋ ಎಂಬುದನ್ನು ಗುಣದಿಂದ ಸ್ಥಾಪಿಸಬೇಕೇ ಹೊರತು ರೂಢಿಯಿಂದಲ್ಲವೆಂಬ ತತ್ತ್ವವನ್ನು ಉಭಯಪಕ್ಷಗಳೂ ಒಪ್ಪಿಯೇ ವಾದಿಸುತ್ತಿದ್ದುವು. ಅನ್ನವು ಔಷಧವೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಯಾವ ಅನ್ನವೆಂಬುದೇ ವಿವಾದ.

೪

ಶಾಸ್ತ್ರವನ್ನು ಬಿಟ್ಟು ಶಾಸನಗಳಿಗೆ ಬಂದರೆ ಅನ್ನವು ಬೇರೊಂದು ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಐದನೆಯ ಶತಮಾನದ ಆದಿಯಲ್ಲಿ ಈ ದೇಶಕ್ಕೆ ಬಂದಿದ್ದ ಚೀನದೇಶದ ಯಾತ್ರಿಕ ಫಾಹಿಯಾನನು ಪಾಟಲಿಪುತ್ರದ ಧರ್ಮಾಸ್ಪತ್ರೆಗಳನ್ನು ವರ್ಣಿಸುತ್ತ, ಬಡವರಿಗೂ ಅನಾಥರಿಗೂ ಅವರವರ ರೋಗಕ್ಕೆ ತಕ್ಕ ಆಹಾರವನ್ನೂ ಔಷಧವನ್ನೂ ಕೊಡುತ್ತಿದ್ದರೆಂದು ಬರೆದಿರುವನು. ‘ತಕ್ಕ’ ಎಂಬ ವಿಶೇಷಣವು ಆಹಾರಕ್ಕೂ ಅನ್ವಯಿಸುವುದನ್ನು ಗಮನಿಸಬೇಕು. ಅಲ್ಲಿ ಪಥ್ಯವೂ ಧರ್ಮವೂ ಕೂಡಿದ್ದುವು.

ಚೋಳ ವೀರರಾಜೇಂದ್ರನ (೧೦೬೩–೧೦೭೦) ಕಾಲದ ತಿರುಮುಕ್ಕೂಡಲಿನ ಶಾಸನದಲ್ಲಿ ವೀರಶೋಳನ್ ಎಂಬ ಆರೋಗ್ಯಶಾಲೆಯ ವಿವರವಿದೆ. ಹದಿನೈದು ಹಾಸಿಗೆಗಳು, ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ಮೂಲಿಕೆಗಳನ್ನೂ ಸೌದೆಯನ್ನೂ ತಂದು ಮದ್ದನ್ನು ಸಿದ್ಧಪಡಿಸುವವರು ಇಬ್ಬರು, ಶುಶ್ರೂಷೆಗೆ ಇಬ್ಬರು ಸ್ತ್ರೀಯರು, ನೀರು ತರುವವನೊಬ್ಬ. ವರ್ಷಕ್ಕೆ ಸಾಲುವಷ್ಟು ಸಂಗ್ರಹಿಸಿಡಬೇಕಾದ ಔಷಧಗಳನ್ನು ಹೆಸರು ಹೆಸರಾಗಿ ಹೇಳಿದೆ. ರೋಗಿಗಳ ಅನ್ನಕ್ಕಾದರೋ ತಲೆಗೆ ದಿನಕ್ಕೆ ಒಂದು ನಾಳಿ ಅಕ್ಕಿಯೆಂದು ನಿಯಮಿಸಿದೆ. ಔಷಧದಲ್ಲಿ ಇಷ್ಟೊಂದು ವೈವಿಧ್ಯ, ಅನ್ನದಲ್ಲಿ ಒಂದೇ ಅಳತೆ. ಕಾಕತೀಯ ರುದ್ರಮದೇವಿಯ ಕಾಲದ ೧೨೬೧ರ ಮಲ್ಕಾಪುರದ ಶಾಸನದಲ್ಲಿಯೂ ಪ್ರಸೂತಿಶಾಲೆ, ಆರೋಗ್ಯಶಾಲೆ, ಅನ್ನಸತ್ರಗಳು ದತ್ತಿಯಲ್ಲಿ ಬೇರೆ ಬೇರೆಯಾಗಿ ಹೇಳಲ್ಪಟ್ಟಿವೆ.

ಇಷ್ಟರಿಂದಲೇ ತಿರುಮುಕ್ಕೂಡಲಿನ ವೈದ್ಯನು ರೋಗಭೇದಕ್ಕೆ ತಕ್ಕಂತೆ ಗಂಜಿಯನ್ನು ವಿಧಿಸುತ್ತಿರಲಿಲ್ಲವೆಂದು ಊಹಿಸುವುದು ಅವಿವೇಕವಾದೀತು. ಶಾಸನವು ವೆಚ್ಚದ ಕಟ್ಟಳೆಯೇ ಹೊರತು ಚಿಕಿತ್ಸೆಯ ಕೈಪಿಡಿಯಲ್ಲ. ಒಂದು ನಾಳಿಯ ಅಕ್ಕಿಯಿಂದ ತೆಳುಗಂಜಿಯನ್ನೂ ಮಾಡಬಹುದು, ಅನ್ನವನ್ನೂ ಮಾಡಬಹುದು. ಆದರೂ ಒಂದು ಅಂಶವು ಸ್ಪಷ್ಟ. ಚಿಕಿತ್ಸೆಯನ್ನು ಶಾಶ್ವತವಾದ ಸಂಸ್ಥೆಯಾಗಿ ನಿಲ್ಲಿಸಬೇಕಾದರೆ ಅನ್ನವನ್ನು ಅಳತೆಗೆ ಇಳಿಸಲೇಬೇಕು. ಬಡವನಿಗೆ ಸಂಭಾರಗಳಿಲ್ಲವೆಂದು ಚರಕವು ಹೇಳಿದ ಕೊರತೆಯನ್ನು ದತ್ತಿಯು ತುಂಬಿತು. ತುಂಬುವಾಗ ಪಥ್ಯವನ್ನು ಪಡಿಯಾಗಿ ಮಾರ್ಪಡಿಸಿತು. ಇದು ದೋಷವಲ್ಲ, ಸಂಸ್ಥೆಯ ಸ್ವಭಾವ. ದೋಷವು ಬರುವುದು, ಪಡಿಯನ್ನು ಅಳೆದು ಕೊಟ್ಟ ಮೇಲೆ ಪಥ್ಯದ ಹೊಣೆಯು ತೀರಿತೆಂದು ವೈದ್ಯನು ತಿಳಿದಾಗ.

೫

ಹತ್ತೊಂಬತ್ತನೆಯ ಶತಮಾನದ ಐರೋಪ್ಯ ಆಸ್ಪತ್ರೆಗಳಲ್ಲಿ ಊಟವು ಪೂರ್ಣಾಹಾರ, ಅರ್ಧಾಹಾರ, ಲಘ್ವಾಹಾರ, ಕ್ಷೀರಾಹಾರವೆಂಬ ನಾಲ್ಕಾರು ಪಟ್ಟಿಗಳಿಗೆ ಒಳಪಟ್ಟಿದ್ದಿತು. ಪಥ್ಯವನ್ನೂ ಪಡಿಯನ್ನೂ ಹೊಂದಿಸುವ ಒಂದು ಸುಲಭೋಪಾಯವಿದು. ಅದರ ಕೊರತೆಯನ್ನು ಕಂಡವಳು ಫ್ಲಾರೆನ್ಸ್ ನೈಟಿಂಗೇಲ್. ೧೮೫೯ರಲ್ಲಿ ಪ್ರಕಟವಾದ ತನ್ನ ಶುಶ್ರೂಷಾಗ್ರಂಥದಲ್ಲಿ ರೋಗಿಯ ಆಹಾರಕ್ಕೆ ಎರಡು ಪ್ರಕರಣಗಳನ್ನು ಮೀಸಲಾಗಿಟ್ಟು, ಏನನ್ನು ಕೊಡಬೇಕೆಂಬುದರಷ್ಟೇ ಯಾವಾಗ, ಹೇಗೆ ಕೊಡಬೇಕೆಂಬುದೂ ಮುಖ್ಯವೆಂದು ಆಕೆಯು ವಾದಿಸಿದಳು. ಭರತಖಂಡದ ಆಸ್ಪತ್ರೆಗಳಿಗೆ ಈ ಪಟ್ಟಿಗಳು ಬಂದಾಗ ಜಾತಿಭೇದದ ತೊಡಕೂ ಸೇರಿಕೊಂಡಿತು. ಬೇರೆ ಅಡುಗೆಯವರನ್ನು ನಿಯಮಿಸುವುದು, ಇಲ್ಲವೆ ರೋಗಿಯ ಬಂಧುಗಳೇ ಬೇಯಿಸಿಕೊಡುವುದು ರೂಢಿಯಾಯಿತು. ಊಟವು ಮನೆಯಿಂದ ಬರುವುದಾದರೆ ಅದು ವೈದ್ಯನ ಕಣ್ಣಿನಿಂದ ಮರೆಯಾಗುತ್ತದೆ. ಆಸ್ಪತ್ರೆಯ ಹೊರಾಂಗಣದಲ್ಲಿ ಬಂಧುಗಳು ಹೂಡಿದ ಮೂರು ಕಲ್ಲಿನ ಒಲೆಯು ನಮ್ಮ ದೇಶದ ಆಹಾರಚಿಕಿತ್ಸೆಯ ಚರಿತ್ರೆಯಲ್ಲಿ ಬರೆಯದೆ ಉಳಿದ ಅಧ್ಯಾಯ.

ಇಪ್ಪತ್ತನೆಯ ಶತಮಾನದಲ್ಲಿ ಅನ್ನವು ಪ್ರಯೋಗಶಾಲೆಯ ಮೂಲಕ ಮತ್ತೆ ವೈದ್ಯದೊಳಕ್ಕೆ ಪ್ರವೇಶಿಸಿತು. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ನನು ನಡೆಸಿದ ಪ್ರಯೋಗಗಳಲ್ಲಿ ಒಂದು ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದುದು. ಈ ದೇಶದ ಏಳು ಜನವರ್ಗಗಳ ಊಟವನ್ನು ಅವನು ಇಲಿಗಳ ಏಳು ಗುಂಪುಗಳಿಗೆ ತಿನ್ನಿಸಿ ತೂಕವನ್ನು ಹೋಲಿಸಿದನು. ಸಿಖ್ಖರ ಊಟವನ್ನುಂಡ ಇಲಿಗಳು ಎಲ್ಲಕ್ಕೂ ಹೆಚ್ಚು ಬೆಳೆದುವು. ಅನಂತರ ಪಠಾಣರು, ಮರಾಠರು, ಗೂರ್ಖರು. ಕನ್ನಡಿಗರ ಊಟವು ಐದನೆಯದಾಯಿತು. ಕೊನೆಗೆ ಬಂಗಾಳಿಗಳು, ಮದರಾಸಿನವರು. ಇಲಿಯ ಬೆಳವಣಿಗೆಯಿಂದ ಮನುಷ್ಯವರ್ಗದ ಯೋಗ್ಯತೆಯನ್ನು ಅಳೆಯಹೊರಟವರು ಎಚ್ಚರಿಕೆಯಿಂದಿರಬೇಕಾಗಿದ್ದಿತು. ಊಟವು ಕುಲದ ಗುಣವಲ್ಲ, ಬಹುಮಟ್ಟಿಗೆ ಬಡತನದ ಗುಣ. ಹಾಲು, ಹಸಿರು, ಬೇಳೆಗಳು ಕಡಮೆಯಾಗಿ ಅಕ್ಕಿಯೊಂದೇ ಹೆಚ್ಚಿದಲ್ಲಿ ದೇಹವು ಕುಂದುತ್ತದೆಂಬುದೇ ಅದರಿಂದ ನಿಲ್ಲುವ ಅಂಶ. ಅವನ ತರುವಾಯ ೧೯೩೫ರಲ್ಲಿ ಕೂನೂರಿಗೆ ಬಂದ ವಾಲೇಸ್ ಐಕ್ರಾಯ್ಡನ ಕಾಲದಲ್ಲಿ, ೧೯೩೭ರಲ್ಲಿ, ಈ ದೇಶದ ಆಹಾರಪದಾರ್ಥಗಳ ಪೋಷಕಮೌಲ್ಯದ ಕೋಷ್ಟಕಗಳು ೨೩ನೆಯ ಆರೋಗ್ಯಪತ್ರಿಕೆಯಾಗಿ ಹೊರಬಂದುವು. ಚರಕದ ಹನ್ನೆರಡು ವರ್ಗಗಳ ಸ್ಥಾನದಲ್ಲಿ ಈಗ ಅಂಕೆಗಳು ನಿಂತುವು.

ಮುಂಬಯಿಯಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯಳು ಗರ್ಭಿಣಿಯರ ರಕ್ತಹೀನತೆಯನ್ನು ಪರೀಕ್ಷಿಸಿ, ೧೯೩೧ರಲ್ಲಿ, ಅಗ್ಗವಾದ ಯೀಸ್ಟಿನ ಸಾರವೊಂದರಿಂದ ಅದು ಗುಣವಾಗುವುದೆಂದು ತೋರಿಸಿಕೊಟ್ಟಳು. ಆ ಸಾರದಲ್ಲಿದ್ದ ಗುಣವು ಫೋಲಿಕ್ ಆಮ್ಲದ್ದೆಂದು ಮುಂದೆ ತಿಳಿದುಬಂದಿತು. ಇಂದು ಪ್ರಾಥಮಿಕ ಆರೋಗ್ಯಕೇಂದ್ರದಲ್ಲಿ ಪ್ರತಿಯೊಬ್ಬ ಗರ್ಭಿಣಿಯ ಕೈಗೆ ಬರುವ ಗುಳಿಗೆಯ ಮೂಲವು ಇದೇ. ಆಹಾರದ ಒಂದು ಅಂಶವು ಗುಳಿಗೆಯಾದ ಕೂಡಲೆ ಔಷಧವೆನಿಸಿಕೊಂಡಿತು. ಗುಳಿಗೆಯಾಗಲಾರದ ಅನ್ನವು ಮಾತ್ರ ಹೊರಗೆ ಉಳಿಯಿತು.

೬

ಅನ್ನವನ್ನು ಕೊಡುವುದಕ್ಕೂ ಒಂದು ಕ್ರಮವಿರಬೇಕೆಂಬ ಪಾಠವನ್ನು ಆಧುನಿಕ ವೈದ್ಯವು ಬಹಳ ಬೆಲೆಯನ್ನು ತೆತ್ತು ಕಲಿತುಕೊಂಡಿತು. ೧೯೪೩ರ ಬಂಗಾಳದ ಕ್ಷಾಮದಲ್ಲಿ, ಹಸಿವಿನಿಂದ ಕೊನೆಯ ಸ್ಥಿತಿಗೆ ಬಂದ ರೋಗಿಗಳಿಗೆ ಏನನ್ನು ಉಣಿಸಬೇಕೆಂಬುದು ವೈದ್ಯರಿಗೆ ಕಠಿನಪ್ರಶ್ನೆಯಾಯಿತು. ಅಲ್ಲಿ ಬಳಸಿದ ಹಾಲಿನ ಪುಡಿ ಸಕ್ಕರೆಗಳ ಮಿಶ್ರಣವನ್ನು ೧೯೪೫ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಬೆರ್ಗೆನ್-ಬೆಲ್ಸೆನ್ ಬಂದೀಗೃಹವು ವಿಮೋಚನೆಯಾದಾಗ ಅಲ್ಲಿಯ ರೋಗಿಗಳಿಗೂ ಕೊಟ್ಟರು. ಅದರ ಅತಿಯಾದ ಸಿಹಿಯನ್ನು ಯೂರೋಪಿನ ಆ ರೋಗಿಗಳು ಸಹಿಸಲಾರದೆ ಹೋದರು. ಮನಸ್ಸಿಗೆ ಪ್ರಿಯವಾಗಿರಬೇಕೆಂಬ ಪಥ್ಯದ ಲಕ್ಷಣವು ಅಲಂಕಾರಕ್ಕಾಗಿ ಹೇಳಿದ ಮಾತಲ್ಲವೆಂಬುದು ಇಲ್ಲಿ ವಿಶದವಾಗುತ್ತದೆ. ಬಹುಕಾಲ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ತುಂಬ ಅನ್ನವನ್ನಿತ್ತರೆ ರಕ್ತದ ಲವಣಾಂಶಗಳು ಏರುಪೇರಾಗಿ ಹೃದಯವು ನಿಲ್ಲಬಹುದೆಂಬುದು ಇಂದು ಸುಸ್ಥಾಪಿತವಾದ ವಿಷಯ.

ವಿಶ್ವ ಆರೋಗ್ಯ ಸಂಸ್ಥೆಯು ೧೯೯೯ರಲ್ಲಿ ಪ್ರಕಟಿಸಿದ ಕೈಪಿಡಿಯು, ತೀವ್ರ ಅಪೌಷ್ಟಿಕತೆಯ ಮಕ್ಕಳ ಚಿಕಿತ್ಸೆಯನ್ನು ಎರಡು ಘಟ್ಟಗಳಾಗಿ ವಿಂಗಡಿಸಿತು. ಮೊದಲು, ನೂರು ಮಿಲಿಲೀಟರಿಗೆ ೭೫ ಕಿಲೊಕ್ಯಾಲೊರಿಗಳಿರುವ ತೆಳುವಾದ ಹಾಲನ್ನು ಸ್ವಲ್ಪಸ್ವಲ್ಪವಾಗಿ ಹಗಲೂ ರಾತ್ರಿಯೂ ಕೊಟ್ಟು ದೇಹವನ್ನು ನಿಲ್ಲಿಸುವುದು. ಅನಂತರ ೧೦೦ ಕಿಲೊಕ್ಯಾಲೊರಿಗಳಿರುವ ಗಟ್ಟಿಯಾದ ಹಾಲಿನಿಂದ ಬೆಳೆಸುವುದು. ನಮ್ಮ ದೇಶದಲ್ಲಿಯೂ ೨೦೧೧ರ ಮಾರ್ಗಸೂಚಿಗಳನ್ನನುಸರಿಸಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ಈ ಕ್ರಮವೇ ನಡೆಯುತ್ತಿರುವುದು. ಹಳ್ಳಿಯಲ್ಲಿ ಮಗುವಿನ ತೋಳಿಗೆ ಅಳತೆಯ ಪಟ್ಟಿಯನ್ನು ಸುತ್ತಿ ನೋಡಿ, ಸುತ್ತಳತೆಯು ೧೧.೫ ಸೆಂಟಿಮೀಟರಿಗಿಂತ ಕಡಮೆಯಿದ್ದರೆ ತೀವ್ರ ಅಪೌಷ್ಟಿಕತೆಯೆಂದು ಗುರುತಿಸುವರು. ಜ್ವರ, ಬಾವು, ಊಟದ ಅರುಚಿಗಳಿದ್ದಲ್ಲಿ ಮಗುವನ್ನು ಕೇಂದ್ರಕ್ಕೆ ಕಳುಹಿಸುವರು.

ತೆಳುಗಂಜಿಯಿಂದ ಮೇಲೇರುವ ಸಂಸರ್ಜನಕ್ರಮವನ್ನು ನೆನೆದು, ಇದೆಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿದ್ದಿತೆಂದು ಹೇಳುವ ಚಾಪಲ್ಯವು ಸಹಜ. ಅದಕ್ಕೆ ಎಡೆಗೊಡಬಾರದು. ಚರಕದ ಕ್ರಮವು ಶೋಧನದಿಂದ ಮಂದವಾದ ಜಠರಾಗ್ನಿಯನ್ನು ಕುರಿತದ್ದು. ಇಂದಿನದು ರಕ್ತದ ರಂಜಕ, ಪೊಟ್ಯಾಸಿಯಮ್ಮುಗಳನ್ನು ಅಳೆದು ಕಂಡುಕೊಂಡದ್ದು. ಕಾರಣಗಳು ಬೇರೆ, ರೋಗಿಗಳು ಬೇರೆ. ಬರಿಯ ಹೊಟ್ಟೆಯನ್ನು ಮೆಲ್ಲನೆ ತುಂಬಬೇಕೆಂಬ ಅವಲೋಕನವೊಂದು ಮಾತ್ರ ಎರಡಕ್ಕೂ ಸಮಾನ. ಅಷ್ಟನ್ನು ಒಪ್ಪಿಕೊಂಡರೆ ಪ್ರಾಚೀನರಿಗೆ ನ್ಯಾಯವನ್ನು ಸಲ್ಲಿಸಿದಂತಾಗುತ್ತದೆ.

೭

ಇನ್ನು ಕ್ಷಯರೋಗದ ವಿಷಯ. ಗ್ರಂಥೋಕ್ತವಾದ ರಾಜಯಕ್ಷ್ಮವೂ ಇಂದಿನ ಕ್ಷಯವೂ ಸರ್ವಥಾ ಒಂದೇ ಎನ್ನಲಾಗದು. ಆದರೆ ಚರಕವು ಅದರ ನಾಲ್ಕು ಕಾರಣಗಳಲ್ಲಿ ವಿಷಮಾಶನವನ್ನು, ಎಂದರೆ ಕ್ರಮಗೆಟ್ಟ ಊಟವನ್ನು, ಒಂದಾಗಿ ಹೇಳಿದೆ. ೧೮೮೨ರಲ್ಲಿ ರಾಬರ್ಟ್ ಕಾಖನು ಈ ರೋಗದ ಜೀವಾಣುವನ್ನು ಕಂಡುಹಿಡಿದನು. ಆದರೂ ಔಷಧವಿಲ್ಲದಿದ್ದುದರಿಂದ, ವಿಶ್ರಾಂತಿ, ತೆರೆದ ಗಾಳಿ, ಪುಷ್ಕಳವಾದ ಊಟ ಇವುಗಳೇ ಕ್ಷಯರೋಗಾಶ್ರಮಗಳ ಚಿಕಿತ್ಸೆಯಾಗಿ ಉಳಿದುವು. ಮದನಪಲ್ಲಿಯ ಬಳಿಯ ಆರೋಗ್ಯವರ, ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆಶ್ರಮ ಇವು ಆ ಕಾಲದ ಸಂಸ್ಥೆಗಳು. ಅಲ್ಲಿ ಹಾಲು ಮೊಟ್ಟೆಗಳು ಚಿಕಿತ್ಸೆಯ ಪರಿವಾರಗಳಾಗಿರದೆ ಚಿಕಿತ್ಸೆಯೇ ಆಗಿದ್ದುವು.

ಸ್ಟ್ರೆಪ್ಟೊಮೈಸಿನ್ ೧೯೪೪ರಲ್ಲಿ ಪ್ರಸಿದ್ಧಿಗೆ ಬಂದಿತು. ೧೯೫೨ರಲ್ಲಿ ಐಸೊನಿಯಾಜಿಡ್ ಬಳಕೆಗೆ ಬಂದಿತು. ಆಗ ಹುಟ್ಟಿದ ಪ್ರಶ್ನೆಯು, ಔಷಧವಿರುವಾಗ ಆಶ್ರಮವು ಬೇಕೇ ಎಂಬುದು. ಅದನ್ನು ನಿರ್ಣಯಿಸುವುದಕ್ಕೆ ೧೯೫೬ರಲ್ಲಿ ಮದರಾಸಿನಲ್ಲಿ ಒಂದು ಸಂಶೋಧನಕೇಂದ್ರವು ಸ್ಥಾಪಿತವಾಯಿತು. ಬಡ ರೋಗಿಗಳನ್ನು ಎರಡು ಪಂಗಡಗಳಾಗಿ ಮಾಡಿ, ಒಂದಕ್ಕೆ ಆಶ್ರಮದಲ್ಲಿಯೂ ಇನ್ನೊಂದಕ್ಕೆ ಮನೆಯಲ್ಲಿಯೂ ಒಂದು ವರ್ಷ ಒಂದೇ ಔಷಧಗಳನ್ನು ಕೊಡಲಾಯಿತು. ಮನೆಯ ರೋಗಿಗಳ ಊಟವು ಬಹಳ ಕೀಳಾಗಿದ್ದಿತು, ವಿಶ್ರಾಂತಿಯೂ ಕಡಮೆ. ಆದರೂ ಗುಣಹೊಂದಿದ ಪ್ರಮಾಣದಲ್ಲಿ ಹೆಚ್ಚಿನ ಅಂತರವು ಕಾಣಲಿಲ್ಲ. ೧೯೫೯ರಲ್ಲಿ ಪ್ರಕಟವಾದ ಈ ಫಲಿತಾಂಶವು ಜಗತ್ತಿನ ಕ್ಷಯಚಿಕಿತ್ಸೆಯನ್ನೇ ತಿರುಗಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಆರಂಭವಾಗಿ, ೧೯೬೨ರ ರಾಷ್ಟ್ರೀಯ ಕಾರ್ಯಕ್ರಮದ ಮೂಲಕ ಮನೆಯಲ್ಲಿಯೇ ಚಿಕಿತ್ಸೆಯೆಂಬುದು ನೀತಿಯಾಯಿತು. ಇದರಿಂದಾದ ಉಪಕಾರವು ಅಪಾರ. ಹಾಸಿಗೆಗಾಗಿ ಕಾದು ಸಾಯಬೇಕಾಗಿದ್ದ ಬಡವರಿಗೆ ಔಷಧವು ಮನೆಯ ಬಾಗಿಲಿಗೆ ಬಂದಿತು.

ಆದರೆ ಒಂದು ಸಿದ್ಧಾಂತದಿಂದ ಇನ್ನೊಂದು ಸಿದ್ಧಾಂತವು, ಯಾರೂ ಸ್ಥಾಪಿಸದೆಯೇ, ನುಸುಳಿಬಂದಿತು. ಕೀಳು ಊಟವಿದ್ದರೂ ಔಷಧವು ಜೀವಾಣುವನ್ನು ಕೊಲ್ಲುತ್ತದೆಂಬುದು ಮದರಾಸಿನ ಪರೀಕ್ಷೆಯು ತೋರಿಸಿದ ಅಂಶ. ಕ್ಷಯದಲ್ಲಿ ಊಟವು ಮುಖ್ಯವಲ್ಲವೆಂಬುದು ಅದರಿಂದ ಜನರು ತೆಗೆದ ಅರ್ಥ. ಊಟವು ರೋಗವನ್ನು ಬಾರದಂತೆ ತಡೆಯುತ್ತದೆಯೇ, ತೀರ ಕ್ಷೀಣಿಸಿದವನನ್ನು ಸಾವಿನಿಂದ ಉಳಿಸುತ್ತದೆಯೇ ಎಂಬ ಪ್ರಶ್ನೆಗಳನ್ನು ನಿರ್ಣಯಿಸುವುದಕ್ಕಾಗಿ ಆ ಪರೀಕ್ಷೆಯು ಏರ್ಪಟ್ಟಿರಲಿಲ್ಲ. ಒಂದು ಗ್ರಂಥದ ವಾಕ್ಯವನ್ನು ಪ್ರಕರಣದಿಂದ ಕಿತ್ತು ಬೇರೆಡೆ ಅನ್ವಯಿಸಿದರೆ ಎಂಥ ಅನರ್ಥವಾಗುವುದೆಂಬುದನ್ನು ಸಾಹಿತ್ಯದ ಉಪಾಧ್ಯಾಯರಿಗೆ ವಿವರಿಸಬೇಕಾಗಿಲ್ಲ. ಇಲ್ಲಿ ಹಾಗೆ ಕೀಳಲ್ಪಟ್ಟುದು ವಿಜ್ಞಾನದ ವಾಕ್ಯ. ಅನರ್ಥವು ಆರು ದಶಕಗಳಷ್ಟು ದೀರ್ಘವಾಯಿತು. ಅನ್ನವು ಚಿಕಿತ್ಸೆಯ ಪಟ್ಟಿಯಿಂದ ಹೊರಬಿದ್ದು ದಾನಿಗಳ ದಯೆಗೆ ಸೇರಿತು.

ಇದು ಕ್ಷಯವೊಂದರ ಕಥೆಯಲ್ಲ. ೧೯೭೪ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಬಟರ್‌ವರ್ತನು, ಸಂಪನ್ನವಾದ ಆಸ್ಪತ್ರೆಗಳಲ್ಲಿಯೂ ರೋಗಿಗಳು ವೈದ್ಯರ ಕಣ್ಣೆದುರಿಗೇ ಆಹಾರವಿಲ್ಲದೆ ಸೊರಗುತ್ತಿರುವುದನ್ನು ಎತ್ತಿ ತೋರಿಸಿದನು. ರೋಗಿಯ ಎತ್ತರ ತೂಕಗಳನ್ನು ಬರೆದಿಡದಿರುವುದು, ಪರೀಕ್ಷೆಗಳಿಗಾಗಿ ಊಟವನ್ನು ಪದೇ ಪದೇ ತಪ್ಪಿಸುವುದು ಅವನು ಹೇಳಿದ ಕಾರಣಗಳಲ್ಲಿ ಸೇರಿವೆ. ಆಸ್ಪತ್ರೆಗೆ ಬಂದ ಕೂಡಲೆ ರೋಗಿಯ ಪೋಷಣಸ್ಥಿತಿಯನ್ನು ಪರೀಕ್ಷಿಸಬೇಕೆಂಬ ಇಂದಿನ ನಿಯಮವು ಇಂಥ ಎಚ್ಚರಿಕೆಗಳ ಫಲ.

ನಮ್ಮ ದೇಶದಲ್ಲಿ ಕ್ಷಯರೋಗಿಗಳ ಪೋಷಣವನ್ನು ಕುರಿತ ಸರಕಾರದ ಮಾರ್ಗದರ್ಶಿಯು ೨೦೧೭ರಲ್ಲಿ ಬಂದಿತು. ೨೦೧೮ರಿಂದ ರೋಗಿಗೆ ತಿಂಗಳಿಗೆ ೫೦೦ ರೂಪಾಯಿಗಳು ಆಹಾರಕ್ಕೆಂದು ಸಲ್ಲತೊಡಗಿ, ೨೦೨೪ರ ನವಂಬರಿನಿಂದ ಅದು ೧,೦೦೦ ರೂಪಾಯಿಗಳಾಯಿತು. ಇದರ ನಡುವೆ, ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ ಭಾರ್ಗವರೂ ಅವರ ಸಹಕಾರಿಗಳೂ ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ಒಂದು ದೊಡ್ಡ ಪರೀಕ್ಷೆಯನ್ನು ನಡೆಸಿದರು. ೨,೮೦೦ ರೋಗಿಗಳೂ, ಅವರ ಮನೆಗಳ ೧೦,೩೪೫ ಮಂದಿಯೂ ಅದಕ್ಕೆ ಒಳಪಟ್ಟರು. ಎಲ್ಲ ರೋಗಿಗಳಿಗೂ ಔಷಧದೊಡನೆ ಆಹಾರಧಾನ್ಯಗಳನ್ನು ಕೊಟ್ಟರು. ಒಂದು ಪಂಗಡದಲ್ಲಿ ಮನೆಯವರಿಗೂ ತಲೆಗೆ ತಿಂಗಳಿಗೆ ೫ ಕಿಲೊಗ್ರಾಂ ಅಕ್ಕಿ, ೧.೫ ಕಿಲೊಗ್ರಾಂ ಬೇಳೆ, ಜೀವಸತ್ತ್ವದ ಗುಳಿಗೆಗಳನ್ನು ಕೊಟ್ಟರು. ೨೦೨೩ರಲ್ಲಿ ಫಲಿತಾಂಶವು ಪ್ರಕಟವಾಯಿತು. ಧಾನ್ಯವನ್ನು ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯವು ತಗಲಿದವರ ಪ್ರಮಾಣವು ಶೇಕಡ ೩೯ರಷ್ಟು ಕಡಮೆಯಾಗಿದ್ದಿತು. ಹರಡುವಂಥ ಶ್ವಾಸಕೋಶದ ಕ್ಷಯವು ಶೇಕಡ ೪೮ರಷ್ಟು ಕಡಮೆ. ರೋಗಿಗಳಲ್ಲಿ ಮೊದಲ ಎರಡು ತಿಂಗಳಲ್ಲಿ ತೂಕವು ಹೆಚ್ಚಿದವರಿಗೆ ಸಾವಿನ ಭಯವು ಬಹಳ ತಗ್ಗಿತ್ತು.

ಈ ಪರೀಕ್ಷೆಗೆ ಅದನ್ನು ನಡೆಸಿದವರು ಇಟ್ಟ ಸಂಕ್ಷಿಪ್ತನಾಮವು ‘ರೇಷನ್ಸ್’. ಕನ್ನಡದಲ್ಲಿ ಹೇಳುವುದಾದರೆ, ಪಡಿ.

೮

ಇಲ್ಲಿಗೆ ನಮ್ಮ ಎರಡು ಶಬ್ದಗಳು ಮತ್ತೆ ಒಂದೆಡೆ ಸೇರಿದುವು. ಪಥ್ಯದ ವಿಧಿಯು ಚರಕನಿಗೆ ತಿಳಿದಿದ್ದಿತು, ಬಡವನಿಗೆ ಅದನ್ನು ಒದಗಿಸುವ ದಾರಿಯು ಕಾಣಲಿಲ್ಲ. ದತ್ತಿಯ ಶಾಸನಗಳು ಪಡಿಯನ್ನು ಒದಗಿಸಿದುವು, ಅದನ್ನು ಔಷಧದಿಂದ ಬೇರೆಯಾದ ಅಳತೆಯಲ್ಲಿ ಬರೆದುವು. ಆಧುನಿಕ ವೈದ್ಯವು ಅನ್ನದ ಗುಣವನ್ನು ಅಂಕೆಗಳಲ್ಲಿ ಅರಿತು, ಔಷಧವು ದೊರೆತೊಡನೆ ಅನ್ನವನ್ನು ಮರೆಯಿತು. ಎರಡನ್ನೂ ಕೂಡಿಸಿ ತೂಗಿದಾಗ, ಐದು ಕಿಲೊಗ್ರಾಂ ಅಕ್ಕಿಯೂ ಒಂದೂವರೆ ಕಿಲೊಗ್ರಾಂ ಬೇಳೆಯೂ ರೋಗವನ್ನು ತಡೆಯುವ ಚಿಕಿತ್ಸೆಯೆಂದು ಸಿದ್ಧವಾಯಿತು.

ಆದರೆ ಪಡಿಯು ಪಥ್ಯವಾಗುವುದಕ್ಕೆ ಒಂದು ನಿಬಂಧನೆಯುಂಟು. ಅಲ್ಲಿ ಧಾನ್ಯವನ್ನು ಹಂಚಿ ಕೈತೊಳೆದುಕೊಳ್ಳಲಿಲ್ಲ. ತಿಂಗಳು ತಿಂಗಳಿಗೂ ರೋಗಿಯ ತೂಕವನ್ನು ನೋಡಿದರು, ಮನೆಯವರನ್ನು ವಿಚಾರಿಸಿದರು. ಅಳೆದು ಕೊಟ್ಟ ಮೇಲೆ ಅದರ ಫಲವನ್ನೂ ಅಳೆಯುವುದು ಚಿಕಿತ್ಸೆ. ಅಳೆದು ಕೊಟ್ಟು ಸುಮ್ಮನಾಗುವುದು ದಾನ. ದಾನವು ಕೀಳೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಆದರೆ ದಾನವನ್ನು ಕೇಳುವುದಕ್ಕೆ ರೋಗಿಯು ತಲೆ ಬಾಗಬೇಕು. ಚಿಕಿತ್ಸೆಯನ್ನು ಪಡೆಯುವುದು ಅವನ ಹಕ್ಕು. ಆಸ್ಪತ್ರೆಯ ಲೆಕ್ಕಪುಸ್ತಕದಲ್ಲಿ ಅನ್ನವು ಯಾವ ಪುಟದಲ್ಲಿ ಬರೆಯಲ್ಪಡುತ್ತದೆಂಬುದನ್ನು ಅನುಸರಿಸಿ ಆ ತಲೆಯು ಬಾಗುವುದೋ ನಿಲ್ಲುವುದೋ ನಿರ್ಣಯವಾಗುತ್ತದೆ.

ರೋಗಿಯು ಬಯಸಿದ ಹಾಲು ಅನ್ನವನ್ನೇ ವೈದ್ಯನೂ ಹೇಳಿದನೆಂಬಲ್ಲಿಗೆ ನಮ್ಮ ಗಾದೆಯು ನಿಲ್ಲುತ್ತದೆ. ಆ ಅನ್ನವು ರೋಗಿಯ ತಟ್ಟೆಗೆ ಬಂದಿತೇ ಎಂಬುದನ್ನು ಮುಂದಿನ ಚರಿತ್ರಕಾರನು ಬರೆಯಬೇಕಾಗಿದೆ.